ಕಾಂಪೋಸ್ಟ್ ಚೀಲಕ್ಕೆ ನ್ಯಾನೋ ಫಿಲ್ಲರ್ ಹಾಕಿದರೆ ನಿಜಕ್ಕೂ ಗಟ್ಟಿಯಾಗುತ್ತದಾ?

ವಸಯಿ ಫಿಲಂ

ಎಲ್ಲರಿಗೂ ನಮಸ್ಕಾರ. ವಸಯಿ ಪೂರ್ವದಲ್ಲಿ ನನ್ನದೊಂದು ಚಿಕ್ಕ ಬ್ಲೋನ್ ಫಿಲಂ ಯೂನಿಟ್ (ಕರಗಿದ ಪ್ಲಾಸ್ಟಿಕ್ಕನ್ನು ಬಲೂನಿನ ಹಾಗೆ ಊದಿ ತೆಳು ಹಾಳೆ ಮಾಡುವುದು) ಇದೆ. ಮೊದಲು ಎಲ್‌ಡಿ, ಅಂದರೆ ಮಾಮೂಲಿ ಪಾಲಿಎಥಿಲೀನ್ ಚೀಲ ಮಾಡುತ್ತಿದ್ದೆವು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೆ ಕಾಂಪೋಸ್ಟ್ ಆಗುವ ಚೀಲಕ್ಕೆ ಬಂದೆವು. ಪಿಬಿಎಟಿ ಮತ್ತು ಪಿಎಲ್‌ಎ ಅನ್ನುವ ಕಾಂಪೋಸ್ಟ್ ಆಗುವ ಎರಡು ಪ್ಲಾಸ್ಟಿಕ್ ಬೆರೆಸಿದ ರೆಡಿ ದಾಣಾ (ಪ್ಲಾಸ್ಟಿಕ್ ಕಾಳು) ತಂದು ಓಡಿಸುತ್ತೇವೆ. ಸರ್ಟಿಫಿಕೇಟ್ ಎಲ್ಲ ಸರಿಯಾಗಿದೆ.

ತೊಂದರೆ ಏನೆಂದರೆ ಚೀಲ ಹರಿಯುತ್ತದೆ. ತರಕಾರಿ ಅಂಗಡಿಯವರು ಎರಡು ಕಿಲೋ ಈರುಳ್ಳಿ ಹಾಕಿ ಕೊಟ್ಟರೆ ಗಿರಾಕಿ ರಸ್ತೆ ದಾಟುವಷ್ಟರಲ್ಲಿ ಸೀಳಿರುತ್ತದೆ. ಮೈಕ್ರಾನ್, ಅಂದರೆ ಫಿಲಂ ದಪ್ಪ ಜಾಸ್ತಿ ಮಾಡಿದರೆ ಬೆಲೆ ಏರುತ್ತದೆ. ಈ ದಾಣಾ ಎಲ್‌ಡಿಗಿಂತ ಮೊದಲೇ ದುಬಾರಿ.

ಈಗ ಒಬ್ಬ ಡೀಲರ್ ನ್ಯಾನೋ ಕ್ಲೇ ಮಾಸ್ಟರ್‌ಬ್ಯಾಚ್ (ಬಹಳ ಸಣ್ಣ ಜೇಡಿಮಣ್ಣಿನ ಕಣವನ್ನು ಫಿಲ್ಲರ್ ಆಗಿ ಮೊದಲೇ ಬೆರೆಸಿದ ದಾಣಾ) ತಂದಿದ್ದಾನೆ. "5 ಪರ್ಸೆಂಟ್ ಹಾಕಿ ಸಾಕು, ಬಲ ದುಪ್ಪಟ್ಟು, ಮೈಕ್ರಾನ್ ಇಳಿಸಬಹುದು" ಅನ್ನುತ್ತಾನೆ. ನಂಬಬಹುದಾ? ವಿಷಯ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮಾಟುಂಗಾ ಪಾರ್ಸೆಲ್

ನನಗೂ ಈ ಉತ್ತರ ಬೇಕು. ನಮ್ಮ ಹೋಟೆಲಿನಲ್ಲಿ ಪಾರ್ಸೆಲ್‌ಗೆ ಪಿಎಲ್‌ಎ ಡಬ್ಬಿ ತಂದೆವು. ಬಿಸಿ ಸಾಂಬಾರ್ ಹಾಕಿದ ಕೂಡಲೇ ಮೆತ್ತಗಾಗಿ ಬಾಗಿತು. ಮುಚ್ಚಳ ಕೂರಲೇ ಇಲ್ಲ. ಅದಕ್ಕೂ ಈ ನ್ಯಾನೋ ಏನಾದರೂ ಮಾಡುತ್ತದಾ ಮಾರಾಯ್ರೇ?

ಪಾಷಾಣ್ ಪಾಲಿಮರ್

ವಸಯಿ ಅಣ್ಣಾ, ನಾನು ಪುಣೆಯಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಡೀಲರ್ ಮಾತಿಗೆ ಹೋಗುವ ಮೊದಲು ಎರಡು ವಿಷಯ ಹೇಳಿ. ಚೀಲ ಯಾವ ದಿಕ್ಕಿಗೆ ಹರಿಯುತ್ತದೆ, ಉದ್ದಕ್ಕಾ ಅಡ್ಡಕ್ಕಾ? ಮಳೆಗಾಲದಲ್ಲಿ ಜಾಸ್ತಿಯಾ?

ವಸಯಿ ಫಿಲಂ

ಉದ್ದಕ್ಕೇ ತಂಗಿ. ಹಿಡಿಕೆ ಕತ್ತರಿಸಿದ ಮೂಲೆಯಿಂದ ಶುರುವಾಗಿ ಕೆಳಗಿನ ಸೀಲ್‌ವರೆಗೆ ನೇರ ಸೀಳು. ಮತ್ತೆ ಹೌದು, ಜೂನ್ ಬಂದರೆ ಬಬಲ್ (ಊದಿದ ಫಿಲಂ ಬಲೂನು) ಕೂಡ ಸರಿಯಾಗಿ ನಿಲ್ಲುವುದಿಲ್ಲ. ದಾಣಾ ಅದೇ, ಮೆಷಿನ್ ಅದೇ.

ಪಾಷಾಣ್ ಪಾಲಿಮರ್

ಹಾಗಾದರೆ ನಿಮ್ಮ ಕಾಯಿಲೆಗೂ ಡೀಲರ್ ಕೊಡುತ್ತಿರುವ ಮದ್ದಿಗೂ ಸಂಬಂಧ ಕಡಿಮೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ದಾಣಾದಲ್ಲಿ ಎರಡು ಪಾಲಿಮರ್ ಇವೆ. ಪಿಎಲ್‌ಎ ಬಿರುಸು. ಎಳೆದರೆ 50-60 ಮೆಗಾಪಾಸ್ಕಲ್ ತಡೆಯುತ್ತದೆ, ಆದರೆ ನೂರಕ್ಕೆ ಐದರಷ್ಟು ಹಿಗ್ಗುವುದರೊಳಗೆ ಪಟ್ ಅಂತ ಮುರಿಯುತ್ತದೆ. ಪಿಬಿಎಟಿ ಮೆತ್ತಗೆ. ಮೂಲ ಉದ್ದದ ಐದು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಇವೆರಡೂ ಒಂದರಲ್ಲೊಂದು ಕರಗುವುದಿಲ್ಲ. ಪಿಬಿಎಟಿ ಒಳಗೆ ಪಿಎಲ್‌ಎ ಸಣ್ಣ ಸಣ್ಣ ಹನಿಗಳಾಗಿ ಕೂರುತ್ತದೆ. ಡೈಯಿಂದ (ಕರಗಿದ ಮಾಲು ಹೊರಬರುವ ಬಾಯಿ) ಹೊರಬಂದು ಮೇಲಿನ ನಿಪ್ ರೋಲರ್ ಎಳೆದಾಗ ಆ ಹನಿಗಳು ಉದ್ದುದ್ದ ಎಳೆಗಳಾಗುತ್ತವೆ. ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಮಲಗುತ್ತವೆ. ಆ ಎಳೆಗಳ ನಡುವೆ ಹಿಡಿತ ಕಡಿಮೆ. ಅದಕ್ಕೇ ಉದ್ದಕ್ಕೆ ಸೀಳುವುದು.

ಡೀಲರ್ ಹೇಳುವ "ಬಲ ದುಪ್ಪಟ್ಟು" ಬಹುಶಃ ಬಿರುಸಿನ, ಅಂದರೆ ಬಾಗದೆ ಹಿಗ್ಗದೆ ನಿಲ್ಲುವ ಗುಣದ ಲೆಕ್ಕ. ಕ್ಲೇ ಹಾಕಿದರೆ ಬಿರುಸು ಏರುವುದು ನಿಜ. ಆದರೆ ಬಿರುಸು ಬೇರೆ, ಸೀಳು ತಡೆಯುವ ಗುಣ ಬೇರೆ. ಬಿರುಸು ಏರಿದಾಗ ಹಿಗ್ಗುವುದು ಸಾಮಾನ್ಯವಾಗಿ ಇಳಿಯುತ್ತದೆ. ನಿಮಗೆ ಬೇಕಾಗಿರುವುದು ಹಿಗ್ಗುವ, ಸೀಳದ ಚೀಲ. ಮೊದಲು ಬ್ಲೋ ಅಪ್ ರೇಶಿಯೋ (ಡೈಗಿಂತ ಬಬಲ್ ಎಷ್ಟು ಪಟ್ಟು ಅಗಲಕ್ಕೆ ಊದುತ್ತದೆ ಅನ್ನುವುದು) ಸ್ವಲ್ಪ ಏರಿಸಿ ನೋಡಿ. ಅಡ್ಡ ದಿಕ್ಕಿಗೂ ಎಳೆತ ಸಿಕ್ಕಿದರೆ ಎರಡೂ ಕಡೆ ಬಲ ಹಂಚಿಕೊಳ್ಳುತ್ತದೆ. ಹಿಡಿಕೆ ಕತ್ತರಿಸುವ ಡೈಯ ಮೂಲೆ ಚೂಪಾಗಿದ್ದರೆ ಅದನ್ನು ದುಂಡಗೆ ಮಾಡಿಸಿ. ಇವೆರಡಕ್ಕೂ ಹೊಸ ಮಾಲು ಏನೂ ಬೇಡ.

ಚಾಕಣ್ ಮೋಲ್ಡಿಂಗ್

ತಂಗಿ ಹೇಳಿದ್ದು ಸರಿ. ಮಳೆಗಾಲದ ವಿಷಯ ನಾನು ಹೇಳುತ್ತೇನೆ. ಅಣ್ಣಾ, ನಿಮ್ಮಲ್ಲಿ ಡ್ರೈಯರ್ ಇದೆಯಾ? ಎಲ್‌ಡಿ ಓಡಿಸುತ್ತಿದ್ದವರ ಹತ್ತಿರ ಸಾಮಾನ್ಯವಾಗಿ ಇರುವುದಿಲ್ಲ, ಯಾಕೆಂದರೆ ಎಲ್‌ಡಿಗೆ ಬೇಕಾಗುವುದಿಲ್ಲ.

ಪಿಎಲ್‌ಎ, ಪಿಬಿಎಟಿ ಎರಡೂ ಪಾಲಿಯೆಸ್ಟರ್. ನೀರಿನಂಶ ಇದ್ದು ಮೆಷಿನ್ನಿನ ಬ್ಯಾರೆಲ್ ಒಳಗೆ 170-180 ಡಿಗ್ರಿ ಬಿಸಿ ತಾಗಿದರೆ ಪಾಲಿಮರ್ ಸರಪಳಿ ಅಲ್ಲೇ ತುಂಡಾಗುತ್ತದೆ. ಮೆಲ್ಟ್ (ಕರಗಿದ ಮಾಲು) ತೆಳ್ಳಗಾಗುತ್ತದೆ, ಬಬಲ್ ನಿಲ್ಲುವುದಿಲ್ಲ, ಚೀಲ ಮುರುಕಲಾಗುತ್ತದೆ. ಪಿಎಲ್‌ಎ ದಾಣಾದಲ್ಲಿ ನೀರು 250 ಪಿಪಿಎಂಗಿಂತ ಕೆಳಗಿರಬೇಕು ಅನ್ನುವುದು ವಾಡಿಕೆ. ಅಂದರೆ ಒಂದು ಕಿಲೋ ದಾಣಾದಲ್ಲಿ ಕಾಲು ಗ್ರಾಂ ನೀರು. ಜುಲೈಯಲ್ಲಿ ವಸಯಿಯಲ್ಲಿ ದಾಣಾ ಚೀಲದ ಬಾಯಿ ತೆರೆದಿಟ್ಟರೆ ಆ ಮಿತಿ ಬೇಗ ದಾಟುತ್ತದೆ.

ಪಿಬಿಎಟಿ ಸೇರಿದ ದಾಣಾವನ್ನು 60-65 ಡಿಗ್ರಿಯಲ್ಲಿ ಒಣಗಿಸಿ. ಜಾಸ್ತಿ ಕೊಟ್ಟರೆ ದಾಣಾ ಒಂದಕ್ಕೊಂದು ಅಂಟಬಹುದು. ಸುಮ್ನೆ ಬಿಸಿ ಗಾಳಿ ಹೊಡೆಯುವ ಹಾಪರ್ (ಮೆಷಿನ್ನಿಗೆ ದಾಣಾ ಸುರಿಯುವ ಡಬ್ಬ) ನಮ್ಮ ಕರಾವಳಿಯ ಮಳೆಗಾಲಕ್ಕೆ ಸಾಲದು. ಹೊರಗಿನ ಒದ್ದೆ ಗಾಳಿಯನ್ನೇ ಬಿಸಿ ಮಾಡಿ ಒಳಗೆ ಬಿಡುತ್ತದೆ. ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯಿಂಗ್ ಡ್ರೈಯರ್ ಬೇಕು.

ಡೊಂಬಿವಲಿ ಮೇಷ್ಟ್ರು

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಆದರೆ ನ್ಯಾನೋ ಫಿಲ್ಲರ್ ಅಂದರೆ ಬರೀ ಮೋಸ ಅಂತ ಯಾರೂ ತಿಳಿಯಬಾರದು. ಅದರ ಹಿಂದೆ ಒಳ್ಳೆಯ ವಿಜ್ಞಾನ ಇದೆ.

ಟಾಲ್ಕ್, ಚಾಕ್ ಪುಡಿ ಪ್ಲಾಸ್ಟಿಕ್ಕಿಗೆ ಬೆರೆಸುವುದು ಹಳೆಯ ಪದ್ಧತಿ. ಅವುಗಳ ಕಣ ಮೈಕ್ರಾನ್ ಗಾತ್ರದ್ದು. ಅದನ್ನು ಸಾವಿರ ಪಟ್ಟು ಸಣ್ಣದು ಮಾಡಿದರೆ ಅದೇ ತೂಕಕ್ಕೆ ಮೇಲ್ಮೈ ಸಾವಿರ ಪಟ್ಟು ಸಿಗುತ್ತದೆ. ಪಾಲಿಮರ್ ಹಿಡಿದುಕೊಳ್ಳುವುದು ಆ ಮೇಲ್ಮೈಯನ್ನೇ. ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿಮಣ್ಣು ಪದರ ಪದರವಾಗಿದೆ. ಒಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್, ಅಗಲ ನೂರಾರು ನ್ಯಾನೋಮೀಟರ್. ಎಲ್ಲ ಪದರಗಳನ್ನೂ ಪೂರ್ತಿ ಬಿಡಿಸಿದರೆ ಒಂದೇ ಗ್ರಾಂ ಮಣ್ಣಿಗೆ 700 ಚದರ ಮೀಟರ್‌ಗೂ ಜಾಸ್ತಿ ಮೇಲ್ಮೈ ಬರುತ್ತದೆ. ನಮ್ಮ ಡೊಂಬಿವಲಿಯ ಒಂದು ಬೆಡ್‌ರೂಮ್ ಫ್ಲ್ಯಾಟುಗಳು ಹನ್ನೆರಡು ಹದಿಮೂರು ಸೇರಿದರೆ ಅಷ್ಟು ನೆಲ ಆಗಬಹುದು.

ಜಪಾನಿನ ಟೊಯೋಟಾ ಸಂಶೋಧಕರು ಇದನ್ನು ನೈಲಾನ್-6ರಲ್ಲಿ ಮಾಡಿ ತೋರಿಸಿದರು. 5 ಪರ್ಸೆಂಟಿಗಿಂತ ಕಡಿಮೆ ಮಣ್ಣು ಹಾಕಿ ಬಿರುಸನ್ನು ಹೆಚ್ಚುಕಮ್ಮಿ ದುಪ್ಪಟ್ಟು ಮಾಡಿದರು. ಭಾರ ಹೊತ್ತು ಬಾಗುವ ಉಷ್ಣತೆ 65 ಡಿಗ್ರಿ ಇದ್ದದ್ದು 140 ದಾಟಿತು. ಆ ಮಾಲನ್ನು ಕಾರಿನ ಟೈಮಿಂಗ್ ಬೆಲ್ಟ್ ಮುಚ್ಚಳಕ್ಕೂ ಬಳಸಿದರು.

ಆದರೆ ಅವರು ಪುಡಿ ತಂದು ಹಾಪರಿಗೆ ಸುರಿಯಲಿಲ್ಲ. ಮಣ್ಣಿನ ಪದರಗಳ ನಡುವೆಯೇ ನೈಲಾನ್ ಬೆಳೆಯುವ ಹಾಗೆ ಮಾಡಿದರು. ಪಾಲಿಮರ್ ಬೆಳೆಯುತ್ತಾ ಪದರಗಳನ್ನು ದೂರ ತಳ್ಳಿತು. ಇಡೀ ಗುಟ್ಟು ಅಲ್ಲಿದೆ.

ಪಾಷಾಣ್ ಪಾಲಿಮರ್

ಮೇಷ್ಟ್ರೇ, ಇದನ್ನೇ ಬರೆಯಬೇಕು ಅಂತ ಕೂತಿದ್ದೆ. ನಮ್ಮ ಕೆಲಸದ ಬಹುಪಾಲು ಕಷ್ಟ ಈ ಬಿಡಿಸುವುದರಲ್ಲೇ ಇದೆ.

ಕಣ ಸಣ್ಣದಾದಷ್ಟೂ ಒಂದನ್ನೊಂದು ಜಾಸ್ತಿ ಸೆಳೆಯುತ್ತದೆ, ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಮೇಲೆ ಅದು ನ್ಯಾನೋ ಅಲ್ಲ. ಚೀಲದವರಿಗೆ ಇದು ಎಷ್ಟು ಅಪಾಯ ಅಂದರೆ, ಫಿಲಂ ದಪ್ಪ 20 ಮೈಕ್ರಾನ್ ಅಂತಿಟ್ಟುಕೊಳ್ಳಿ, ಒಂದು ಗಂಟು 10 ಮೈಕ್ರಾನ್ ಇದ್ದರೆ ಆ ಜಾಗದಲ್ಲಿ ಅರ್ಧ ದಪ್ಪ ಗಂಟೇ ಆಯಿತು. ಸೀಳು ಶುರುವಾಗಲು ಅದು ಸಾಕು. ಮೋಲ್ಡ್ ಮಾಡಿದ ದಪ್ಪ ಚಮಚದಲ್ಲಿ ಅದೇ ಗಂಟು ಅಷ್ಟು ತೊಂದರೆ ಕೊಡುವುದಿಲ್ಲ. ಪೇಪರುಗಳಲ್ಲಿ ಬರುವ ಒಳ್ಳೆಯ ಅಂಕಿಗಳಲ್ಲಿ ಎಷ್ಟೋ ದಪ್ಪ ಮಾದರಿಯವು, ಇಲ್ಲಾ ದ್ರಾವಕದಲ್ಲಿ ಕರಗಿಸಿ ಹರಡಿದ ಫಿಲಮ್ಮಿನವು. ನಿಮ್ಮ ಬಬಲ್ಲಿಗೆ ಆ ಅಂಕಿ ಹಾಗೇ ಬರುವುದಿಲ್ಲ.

ಮಣ್ಣಿಗೆ ನೀರು ಇಷ್ಟ, ಪಿಎಲ್‌ಎಗೆ ಅಲ್ಲ. ಅದಕ್ಕೆ ಮಣ್ಣಿನ ಪದರಗಳ ನಡುವಿನ ಸೋಡಿಯಂ ತೆಗೆದು ಉದ್ದ ಬಾಲದ ಅಮೋನಿಯಂ ಸಂಯುಕ್ತ ಕೂರಿಸುತ್ತಾರೆ. ಆಗ ಪದರ ಸ್ವಲ್ಪ ತೆರೆದು ಪಾಲಿಮರ್ ಒಳಗೆ ನುಗ್ಗಲು ಜಾಗವಾಗುತ್ತದೆ. ನಂತರ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್‌ನಲ್ಲಿ (ಎರಡು ಸ್ಕ್ರೂ ತಿರುಗಿ ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಮೆಷಿನ್) ಜೋರಾಗಿ ಅರೆಯಬೇಕು. ನಿಮ್ಮ ಬ್ಲೋನ್ ಫಿಲಂ ಮೆಷಿನ್ನಿನದು ಸಿಂಗಲ್ ಸ್ಕ್ರೂ ಅಲ್ವಾ? ಅದು ಕರಗಿಸಿ ತಳ್ಳುತ್ತದೆ, ಗಂಟು ಒಡೆಯುವ ಶಕ್ತಿ ಅದಕ್ಕಿಲ್ಲ. ಮಾಸ್ಟರ್‌ಬ್ಯಾಚ್ ಮಾಡಿದವರು ಬಿಡಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕ್ಲೇಯ ನಿಜವಾದ ಉಪಯೋಗ ನನ್ನ ಪ್ರಕಾರ ಗಾಳಿ, ತೇವ ತಡೆಯುವುದರಲ್ಲಿದೆ. ಆಮ್ಲಜನಕ ಆ ಪದರಗಳನ್ನು ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಪದರದ ಅಗಲ ದಪ್ಪದ 100 ಪಟ್ಟು ಇದ್ದು, ಗಾತ್ರದ ಲೆಕ್ಕದಲ್ಲಿ 2 ಪರ್ಸೆಂಟ್ ಹಾಕಿ, ಎಲ್ಲವೂ ಅಡ್ಡಡ್ಡ ಮಲಗಿದರೆ ಸೋರಿಕೆ ಅರ್ಧಕ್ಕೆ ಇಳಿಯುತ್ತದೆ ಅಂತ ಲೆಕ್ಕ ಹೇಳುತ್ತದೆ. ತಿಂಡಿ ಪ್ಯಾಕೆಟ್ಟಿಗೆ ಅದು ದೊಡ್ಡ ಲಾಭ. ಈರುಳ್ಳಿ ಚೀಲಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ.

ಚಾಕಣ್ ಮೋಲ್ಡಿಂಗ್

ಒಂದು ಮುಖ್ಯ ಮಾತು ಬಿಟ್ಟುಹೋಗಿದೆ. ಆ ಮಾಸ್ಟರ್‌ಬ್ಯಾಚ್‌ನ ಕ್ಯಾರಿಯರ್, ಅಂದರೆ ಕ್ಲೇ ಬೆರೆಸಿರುವ ಮೂಲ ಪ್ಲಾಸ್ಟಿಕ್ ಯಾವುದು ಕೇಳಿದಿರಾ?

ಮಾರುಕಟ್ಟೆಯ ಫಿಲಂ ಮಾಸ್ಟರ್‌ಬ್ಯಾಚ್‌ಗಳಲ್ಲಿ ಬಹಳಷ್ಟು ಪಾಲಿಎಥಿಲೀನ್ ಕ್ಯಾರಿಯರ್‌ನಲ್ಲಿ ಬರುತ್ತವೆ. ನೂರು ಕಿಲೋಗೆ 5 ಕಿಲೋ ಹಾಕಿದಿರಿ, ಅದರಲ್ಲಿ ಕ್ಲೇ 2 ಕಿಲೋ, ಉಳಿದ 3 ಕಿಲೋ ಪಾಲಿಎಥಿಲೀನ್ ಆಗಿದ್ದರೆ? ಆ 3 ಕಿಲೋ ಯಾವ ಕಾಂಪೋಸ್ಟ್ ಗುಂಡಿಯಲ್ಲೂ ಕರಗುವುದಿಲ್ಲ. ಸಣ್ಣ ಚೂರುಗಳಾಗಿ ಗೊಬ್ಬರದಲ್ಲೇ ಉಳಿಯುತ್ತದೆ. ನಿಮ್ಮ ಸರ್ಟಿಫಿಕೇಟ್ ಸಿಕ್ಕಿದ್ದು ಆ ಮಾಲಿಗೆ ಅಲ್ಲ. ಪಿಬಿಎಟಿ ಇಲ್ಲವೇ ಪಿಎಲ್‌ಎ ಕ್ಯಾರಿಯರ್ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ.

ಕೊಥ್ರೂಡ್ ಕಾಂಪೋಸ್ಟ್

ನಾನು ನಮ್ಮ ಸೊಸೈಟಿಯ ಗೊಬ್ಬರದ ಕೆಲಸ ನೋಡಿಕೊಳ್ಳುವವಳು. ಇಷ್ಟು ಹೊತ್ತು ಎಲ್ಲರೂ ಚೀಲ ಗಟ್ಟಿ ಮಾಡುವ ಮಾತೇ ಆಡಿದಿರಿ. ಅದು ಕೊನೆಗೆ ಬರುವುದು ನಮ್ಮ ಗುಂಡಿಗೆ. ಗಟ್ಟಿ ಮಾಡಿದಷ್ಟೂ ಕೊಳೆಯುವುದು ನಿಧಾನ ಆಗುವುದಿಲ್ವಾ? ಮತ್ತೆ ಆ ನ್ಯಾನೋ ಕಣ ಎಲ್ಲಿಗೆ ಹೋಗುತ್ತದೆ? ಆ ಗೊಬ್ಬರ ಹಾಕಿ ಮನೆಗಳಲ್ಲಿ ಕರಿಬೇವು, ಬಸಳೆ ಬೆಳೆಯುತ್ತಿದ್ದಾರೆ.

ಪಾಷಾಣ್ ಪಾಲಿಮರ್

ಅಕ್ಕಾ, ಇದು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ.

ಕಾಂಪೋಸ್ಟ್ ಆಗುತ್ತದೆ ಅನ್ನಲು ನಮ್ಮಲ್ಲಿರುವ ಮಾನದಂಡ ಐಎಸ್/ಐಎಸ್‌ಒ 17088. ಪರೀಕ್ಷೆ ಸುಮಾರು 58 ಡಿಗ್ರಿಯಲ್ಲಿ ನಡೆಯುತ್ತದೆ. 180 ದಿನದೊಳಗೆ ಇಂಗಾಲದ 90 ಪರ್ಸೆಂಟ್ ಗಾಳಿಗೆ ಹೋಗಬೇಕು. 12 ವಾರದ ನಂತರ ಜರಡಿ ಹಿಡಿದರೆ 2 ಮಿಲಿಮೀಟರ್‌ಗಿಂತ ದೊಡ್ಡ ಚೂರು 10 ಪರ್ಸೆಂಟಿಗಿಂತ ಜಾಸ್ತಿ ಉಳಿಯಬಾರದು. ನಿಮ್ಮ ಸೊಸೈಟಿಯ ಡ್ರಮ್ಮು ಅಷ್ಟು ದಿನ 58 ಡಿಗ್ರಿ ಹಿಡಿದಿಡುವುದು ಕಷ್ಟ. ಪಿಎಲ್‌ಎ ಮೊದಲು ನೀರಿನಿಂದ ತುಂಡಾಗಬೇಕು, ಆಮೇಲೆ ಸೂಕ್ಷ್ಮಜೀವಿ ತಿನ್ನುತ್ತದೆ. 55-60 ಡಿಗ್ರಿಗಿಂತ ಕೆಳಗೆ ಆ ಮೊದಲ ಹಂತವೇ ಬಹಳ ನಿಧಾನ. ಅಂದರೆ ನ್ಯಾನೋ ಇಲ್ಲದ ಚೀಲವೂ ನಿಮಗೆ ತೊಂದರೆಯೇ. ಫಿಲ್ಲರ್ ಸೇರಿಸಿದರೆ ಎರಡೂ ಕಡೆ ಹೋಗಬಹುದು. ನೀರನ್ನು ಒಳಗೆ ಎಳೆಯುವ ಫಿಲ್ಲರ್ ಕೊಳೆಯುವುದನ್ನು ಬೇಗ ಮಾಡಬಹುದು. ಪಿಎಲ್‌ಎಯನ್ನು ಹೆಚ್ಚು ಹರಳುಗಟ್ಟಿಸುವ ಫಿಲ್ಲರ್ ತಡ ಮಾಡಬಹುದು.

ಕಣಗಳ ವಿಷಯದಲ್ಲಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಮಾಂಟ್‌ಮೊರಿಲೊನೈಟ್ ಮಣ್ಣಿನಲ್ಲಿ ಮೊದಲೇ ಇರುವ ಖನಿಜ. ನನಗೆ ಮಣ್ಣಿಗಿಂತ ಅದಕ್ಕೆ ಕೂರಿಸಿದ ಅಮೋನಿಯಂ ಸಂಯುಕ್ತದ ಬಗ್ಗೆ ಚಿಂತೆ ಜಾಸ್ತಿ, ಆ ಗುಂಪಿನ ಹಲವು ಸಂಯುಕ್ತಗಳು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ. ನ್ಯಾನೋ ಬೆಳ್ಳಿಯನ್ನು ಬ್ಯಾಕ್ಟೀರಿಯಾ ಕೊಲ್ಲಲೆಂದೇ ಹಾಕುತ್ತಾರೆ. ಕಾಂಪೋಸ್ಟ್ ಆಗಬೇಕಾದ ವಸ್ತುವಿಗೆ ಅದನ್ನು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಚಾಕಣ್ ಮೋಲ್ಡಿಂಗ್

ಜಿಂಕ್ ಆಕ್ಸೈಡ್? ಹಣ್ಣಿನ ಪ್ಯಾಕಿಂಗಿಗೆ ಒಳ್ಳೆಯದು ಅಂತ ಕೇಳಿದ್ದೇನೆ. ಬಿಸಿಲಿನ ಯುವಿ ತಡೆಯುತ್ತದಂತೆ.

ಡೊಂಬಿವಲಿ ಮೇಷ್ಟ್ರು

ಲೆಕ್ಕ ಹಾಕಿ ನೋಡೋಣ. ಜಿಂಕ್ ಆಕ್ಸೈಡಿನ ತೂಕದಲ್ಲಿ 80 ಪರ್ಸೆಂಟ್ ಸತು. ಪ್ಲಾಸ್ಟಿಕ್ಕಿಗೆ 1 ಪರ್ಸೆಂಟ್ ಹಾಕಿದರೆ ಕಿಲೋಗೆ 8,000 ಮಿಲಿಗ್ರಾಂ ಸತು ಆಯಿತು. ಯುರೋಪಿನ ಇಎನ್ 13432 ಮಾನದಂಡದಲ್ಲಿ ಕಾಂಪೋಸ್ಟ್ ಪ್ಯಾಕಿಂಗಿಗೆ ಸತುವಿನ ಮಿತಿ ಕಿಲೋಗೆ 150 ಮಿಲಿಗ್ರಾಂ. ಐವತ್ತು ಪಟ್ಟಿಗಿಂತ ಜಾಸ್ತಿ. ಹೊರದೇಶಕ್ಕೆ ಕಳಿಸುವ ಹಣ್ಣಿನ ಪೆಟ್ಟಿಗೆಯಲ್ಲಿ ಇದನ್ನು ಕಾಂಪೋಸ್ಟ್ ಆಗುತ್ತದೆ ಅಂತ ಹೇಳಿ ಕಳಿಸಲು ಬರುವುದಿಲ್ಲ.

ಪಾಷಾಣ್ ಪಾಲಿಮರ್

ಹೌದು ಮೇಷ್ಟ್ರೇ. ಅದಲ್ಲದೆ ಮೆಲ್ಟ್ ಆಗುವಾಗ ಜಿಂಕ್ ಆಕ್ಸೈಡ್ ಪಿಎಲ್‌ಎ ಸರಪಳಿಯನ್ನೇ ಕತ್ತರಿಸುತ್ತದೆ. ಮೇಲ್ಮೈಗೆ ಸಿಲೇನ್ ಲೇಪ ಕೊಡದೆ ಬೆರೆಸಿದರೆ ಗಟ್ಟಿಯಾಗುವ ಬದಲು ಪುಡಿಪುಡಿಯಾಗುತ್ತದೆ.

ಮಾಟುಂಗಾ ಪಾರ್ಸೆಲ್

ನನ್ನ ಸಾಂಬಾರ್ ಮರೆತುಬಿಟ್ಟಿರಾ?

ಚಾಕಣ್ ಮೋಲ್ಡಿಂಗ್

ಇಲ್ಲ ಅಣ್ಣಾ, ಅದು ನನ್ನ ಕೆಲಸದ್ದೇ. ಪಿಎಲ್‌ಎ 55-60 ಡಿಗ್ರಿಗೆ ಮೆತ್ತಗಾಗುತ್ತದೆ. ನಿಮ್ಮ ಸಾಂಬಾರ್ 80ರ ಮೇಲಿರುತ್ತದೆ. ಬರೀ ನ್ಯಾನೋ ಹಾಕಿದರೆ ಆ 60 ಅಷ್ಟೇನೂ ಮೇಲೆ ಹೋಗುವುದಿಲ್ಲ. ನೈಲಾನಿನ ಅಂಕಿ ನೋಡಿ ಆಸೆ ಪಡಬೇಡಿ. ನೈಲಾನ್ ತಾನಾಗೇ ಬೇಗ ಹರಳುಗಟ್ಟುತ್ತದೆ. ಪಿಎಲ್‌ಎ ಬಹಳ ನಿಧಾನ, ತಣ್ಣಗಿನ ಮೋಲ್ಡಿನಲ್ಲಿ ಹರಳುಗಟ್ಟುವ ಮೊದಲೇ ಸೆಟ್ ಆಗಿಬಿಡುತ್ತದೆ.

ಟಾಲ್ಕ್ ಹಾಕಿ, ಮೋಲ್ಡನ್ನು ಸುಮಾರು 100 ಡಿಗ್ರಿಯಲ್ಲಿಟ್ಟು ಹರಳುಗಟ್ಟಿಸಿದರೆ ಬಿಸಿ ತಡೆಯುತ್ತದೆ. ಸಿಪಿಎಲ್‌ಎ ಅಂತ ಮಾರುವ ಬಿಳಿ ಚಮಚ, ಮುಚ್ಚಳಗಳು ಹೀಗೆ ಮಾಡಿದವು. ಮಾಮೂಲಿ ಟಾಲ್ಕ್ ಸಾಕು, ನ್ಯಾನೋ ಬೇಕಾಗಿಲ್ಲ. ಪಾರದರ್ಶಕ ಡಬ್ಬಿಯಲ್ಲಿ ಚಟ್ನಿ ಮಾತ್ರ ಕೊಡಿ. ಸಾಂಬಾರಿಗೆ ಗಿರಾಕಿ ಸ್ಟೀಲ್ ಡಬ್ಬಿ ತಂದರೆ ಎಲ್ಲಕ್ಕಿಂತ ಒಳ್ಳೆಯದು, ಹಳೆಯ ಗಿರಾಕಿಗಳು ಈಗಲೂ ತರುತ್ತಾರೆ ಅಲ್ವಾ?

ಮಾಟುಂಗಾ ಪಾರ್ಸೆಲ್

ತರುತ್ತಾರೆ. ಆಫೀಸಿನವರು ತರುವುದಿಲ್ಲ. ಸಿಪಿಎಲ್‌ಎ ವಿಚಾರಿಸುತ್ತೇನೆ.

ಅಂದ ಹಾಗೆ, ನಮ್ಮ ಮಾಟುಂಗಾದಲ್ಲೇ ಹತ್ತಿ ಸಂಶೋಧನೆಯ ಕೇಂದ್ರ ಸರ್ಕಾರಿ ಸಂಸ್ಥೆ ಇದೆ, ಸಿರ್ಕಾಟ್. ಅಲ್ಲಿ ಹತ್ತಿಯಿಂದ ನ್ಯಾನೋ ಸೆಲ್ಯುಲೋಸ್ ಮಾಡುತ್ತಾರೆ ಅಂತ ನಮ್ಮಲ್ಲಿ ಕಾಫಿಗೆ ಬರುವವರೊಬ್ಬರು ಹೇಳುತ್ತಿದ್ದರು. ಅದು ಗಿಡದ್ದೇ ಅಲ್ವಾ? ಕಾಂಪೋಸ್ಟ್ ಅಕ್ಕನ ಚಿಂತೆಗೆ ಅದು ಉತ್ತರ ಆಗಬಹುದಾ?

ಪಾಷಾಣ್ ಪಾಲಿಮರ್

ಆಗಬಹುದು, ನನಗೆ ಹೆಚ್ಚು ಭರವಸೆ ಇರುವುದೂ ಅದರ ಮೇಲೆಯೇ. ಸಿರ್ಕಾಟ್‌ನಲ್ಲಿ ನ್ಯಾನೋ ಸೆಲ್ಯುಲೋಸ್ ಪೈಲಟ್ ಪ್ಲಾಂಟೇ ಇದೆ. ಹತ್ತಿಯ ಚಿಕ್ಕ ನಾರು, ಕಬ್ಬಿನ ಸಿಪ್ಪೆ, ಮರದ ತಿರುಳು ಯಾವುದರಿಂದಲೂ ನ್ಯಾನೋ ಸೆಲ್ಯುಲೋಸ್ ಮಾಡಬಹುದು. ಮಹಾರಾಷ್ಟ್ರದಲ್ಲಿ ಕಬ್ಬಿಗೂ ಹತ್ತಿಗೂ ಬರವಿಲ್ಲ. ಅದರ ಹರಳಿನ ಬಿರುಸು 100 ಗಿಗಾಪಾಸ್ಕಲ್‌ಗೂ ಮೇಲೆ, ಪಿಎಲ್‌ಎಯದು 3-4 ಮಾತ್ರ. ಮಣ್ಣಿಗೆ ಹೋದರೆ ಸೂಕ್ಷ್ಮಜೀವಿಗೆ ಊಟ.

ಆದರೆ ಅದು ತಯಾರಾಗುವುದು ನೀರಿನಲ್ಲಿ, ನಮ್ಮ ಪಾಲಿಮರ್‌ಗೆ ನೀರೇ ಶತ್ರು. ಒಣಗಿಸಿದರೆ ಎಳೆಗಳು ಒಂದಕ್ಕೊಂದು ಅಂಟಿ ಮತ್ತೆ ಬಿಡುವುದೇ ಇಲ್ಲ. ಸಲ್ಫ್ಯೂರಿಕ್ ಆಮ್ಲದಿಂದ ಮಾಡಿದ್ದಾದರೆ ಮೇಲ್ಮೈಯಲ್ಲಿ ಸಲ್ಫೇಟ್ ಉಳಿದಿರುತ್ತದೆ, ಎಕ್ಸ್‌ಟ್ರೂಡರಿನ ಬಿಸಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಮೇಲ್ಮೈಗೆ ಅಸಿಟೈಲ್ ಗುಂಪು ಕೂರಿಸಿ ನೀರಿನ ಮೋಹ ಕಡಿಮೆ ಮಾಡುವ ದಾರಿ ಇದೆ, ಖರ್ಚು ಏರುತ್ತದೆ.

ಪಿಷ್ಟದ ಫಿಲಮ್ಮಿಗೆ ಮಾತ್ರ ಇದು ತುಂಬ ಚೆನ್ನಾಗಿ ಹೊಂದುತ್ತದೆ. ಪಿಷ್ಟವನ್ನು ಮೆತ್ತಗೆ ಮಾಡಲು ಹೇಗೂ ನೀರು, ಗ್ಲಿಸರಿನ್ ಬೇಕು. ಅದೇ ನೀರಿನಲ್ಲಿ ನ್ಯಾನೋ ಸೆಲ್ಯುಲೋಸ್ ಬಿಡಿಬಿಡಿಯಾಗಿ ಇರುತ್ತದೆ, ಒಣಗಿಸುವ ಗೋಜಿಲ್ಲ. ಪಿಷ್ಟ ಸೇರಿದ ದಾಣಾ ಮಾಡುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ವಸಯಿ ಫಿಲಂ

ಎಲ್ಲರಿಗೂ ದೊಡ್ಡ ಉಪಕಾರ. ಡೀಲರ್‌ಗೆ ಫೋನ್ ಮಾಡಿ ಕ್ಯಾರಿಯರ್ ಕೇಳಿದೆ. "ಯುನಿವರ್ಸಲ್ ಕ್ಯಾರಿಯರ್" ಅಂದ. ಬರಹದಲ್ಲಿ ಕೊಡಿ ಅಂದರೆ ಮಾತು ತಿರುಗಿಸಿದ. ಆದರೂ ಒಂದು ಕಿಲೋ ಸ್ಯಾಂಪಲ್ ಇಟ್ಟು ಹೋಗಿದ್ದಾನೆ. ಅದರಲ್ಲಿ ಏನಿದೆ ಅಂತ ತಿಳಿಯುವ ದಾರಿ ಇದೆಯಾ?

ಪಾಷಾಣ್ ಪಾಲಿಮರ್

ಇದೆ ಅಣ್ಣಾ. ಯಾವುದೇ ಪಾಲಿಮರ್ ಲ್ಯಾಬಿನಲ್ಲಿ ಆಗುತ್ತದೆ, ಮನೆಯಲ್ಲಿ ಬೇಡ. ಕ್ಲೋರೋಫಾರ್ಮ್‌ನಲ್ಲಿ ಹಾಕಿದರೆ ಪಿಎಲ್‌ಎ, ಪಿಬಿಎಟಿ ಕೋಣೆಯ ಉಷ್ಣತೆಯಲ್ಲೇ ಕರಗುತ್ತವೆ. ಪಾಲಿಎಥಿಲೀನ್ ಹಾಗೇ ಉಳಿಯುತ್ತದೆ. ಕ್ಯಾರಿಯರ್ ಏನು ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದಿಷ್ಟನ್ನು 550 ಡಿಗ್ರಿ ಫರ್ನೇಸಿನಲ್ಲಿ ಸುಟ್ಟು ಉಳಿದ ಬೂದಿ ತೂಗಿಸಿ. ಖನಿಜ ಎಷ್ಟಿದೆ ಗೊತ್ತಾಗುತ್ತದೆ. ಆ ಬೂದಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ಜೋರಾಗಿ ನೊರೆ ಬಂದರೆ ಅದರಲ್ಲಿ ಚಾಕ್ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಕ್ಲೇ ನೊರೆ ಬರಿಸುವುದಿಲ್ಲ. ಪದರ ಬಿಡಿಸಿದೆಯಾ ಅಂತ ತಿಳಿಯಲು ಎಕ್ಸ್-ರೇ ಡಿಫ್ರ್ಯಾಕ್ಷನ್ ಬೇಕು, ಅದು ಇವೆರಡೂ ಪಾಸಾದರೆ ನೋಡೋಣ.

ಕೊಥ್ರೂಡ್ ಕಾಂಪೋಸ್ಟ್

ವಸಯಿಯವರೇ, ಕೇಳಿ ತಿಳಿದುಕೊಳ್ಳುತ್ತಿದ್ದೀರಲ್ಲ, ಸಂತೋಷ. ನಮಗೆ ಬರುವ ಹಸಿರು ಚೀಲಗಳಲ್ಲಿ ಯಾವುದು ನಿಜ ಯಾವುದು ಸುಳ್ಳು ಅಂತ ಗೊತ್ತಾಗದೆ ಎಲ್ಲವನ್ನೂ ಆರಿಸಿ ಹೊರಗೆ ಹಾಕುತ್ತೇವೆ. ಕಾಂಪೋಸ್ಟ್ ಚೀಲವೂ ಕೊನೆಗೆ ಡಂಪಿಂಗ್ ಮೈದಾನಕ್ಕೇ ಹೋಗುತ್ತದೆ. ನಿಮ್ಮ ಚೀಲದ ಮೇಲೆ ಸರ್ಟಿಫಿಕೇಟ್ ನಂಬರ್ ಮಾಸದ ಹಾಗೆ ದೊಡ್ಡದಾಗಿ ಪ್ರಿಂಟ್ ಮಾಡಿ. ಒದ್ದೆ ಕಸದಲ್ಲಿ ನೆನೆದ ಮೇಲೂ ಓದಲು ಬರಬೇಕು.

ವಸಯಿ ಫಿಲಂ

ಖಂಡಿತ ಅಕ್ಕಾ, ಮುಂದಿನ ಪ್ರಿಂಟಿಂಗ್ ಸಿಲಿಂಡರಿನಲ್ಲೇ ಮಾಡಿಸುತ್ತೇನೆ. ಡ್ರೈಯರ್‌ಗೆ ಕೊಟೇಶನ್ ಕೇಳಿದ್ದೇನೆ. ಹಿಡಿಕೆಯ ಡೈ ದುಂಡಗೆ ಮಾಡಲು ಕೊಟ್ಟಾಯಿತು. ಮಾಸ್ಟರ್‌ಬ್ಯಾಚ್ ಹಾಕುವುದಿಲ್ಲ, ಸ್ಯಾಂಪಲ್ ಮಾತ್ರ ಲ್ಯಾಬಿಗೆ ಕೊಡುತ್ತೇನೆ. ನಮ್ಮ ಲೈನಿನ ಬೇರೆಯವರಿಗೂ ತಿಳಿಯಲಿ.

ಚಾಕಣ್ ಮೋಲ್ಡಿಂಗ್

ಡ್ರೈಯರ್ ಬರುವವರೆಗೆ ದಾಣಾ ಅಲ್ಯೂಮಿನಿಯಂ ಒಳಪದರದ ಚೀಲದಲ್ಲೇ ಇರಲಿ. ಒಂದು ಶಿಫ್ಟಿಗೆ ಬೇಕಾದಷ್ಟೇ ತೆರೆಯಿರಿ, ಉಳಿದದ್ದನ್ನು ಕೂಡಲೇ ಹೀಟ್ ಸೀಲ್ ಮಾಡಿ. ಲ್ಯಾಬಿಗೆ ಕೊಡುವ ಸ್ಯಾಂಪಲ್ ಜೊತೆ ನಿಮ್ಮ ಈಗಿನ ಚೀಲದ ಎರಡು ಮೀಟರ್ ಫಿಲಂ ಕೂಡ ಕೊಡಿ, ಸೀಳು ಬಲವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯಲಿ. ಬ್ಲೋ ಅಪ್ ರೇಶಿಯೋ ಬದಲಿಸಿದ ಮೇಲೆ ಹೋಲಿಸಲು ಆ ಅಂಕಿ ಬೇಕಾಗುತ್ತದೆ.